ಮೂತಿ ಇದ್ದ ಮಾತ್ರಕ್ಕೆ ದೀಪವಲ್ಲ

ಅಟ್ಟ ಗುಡಿಸುವಾಗ ಸಿಕ್ಕ ಸಾಮಾನಿನ ಫೋಟೊಗಳು ವಾಟ್ಸಾಪಿನಲ್ಲಿ ಓಡಾಡುವುದು ಹೆಚ್ಚಾಗಿ ಎರಡು ಹೊತ್ತಿನಲ್ಲಿ: ಆಯುಧಪೂಜೆಯ ಹಿಂದಿನ ವಾರ, ಇಲ್ಲವೇ ಹಳೇ ಮನೆ ಕೆಡವುವಾಗ. ಫೋಟೊದ ಕೆಳಗೆ ಒಂದೇ ಸಾಲು: "ಇದೇನು ಹೇಳಿ ನೋಡೋಣ." ಸಾಮಾನು ಹಿತ್ತಾಳೆಯದಾಗಿ ಅದಕ್ಕೊಂದು ಮೂತಿಯೂ ಇದ್ದರೆ ಮುಗಿಯಿತು, ಮುಕ್ಕಾಲು ಪಾಲು ಜನ ದೀಪ ಅಂದುಬಿಡುತ್ತಾರೆ.

ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಬಟ್ಟಲು, ಒಂದು ಕಡೆಗೆ ಚಾಚಿದ ಮೂತಿ. ಇದು ಒಳಲೆ. ಎಳೆಗೂಸಿಗೆ ಹಾಲು, ಬಜೆ ತೇದ ನೀರು, ಹರಳೆಣ್ಣೆ ಕುಡಿಸುತ್ತಿದ್ದದ್ದು ಇದರಲ್ಲಿ. ದೀಪದಿಂದ ಇದನ್ನು ಬೇರ್ಪಡಿಸಲು ಮೂತಿಯ ಅಂಚು ನೋಡಿದರೆ ಸಾಕು. ದೀಪದ ಮೂತಿಯಲ್ಲಿ ಬತ್ತಿ ಮಲಗಬೇಕು, ಅದಕ್ಕೇ ಅಲ್ಲಿ ಬತ್ತಿಯ ದಪ್ಪಕ್ಕೆ ತಕ್ಕ ತೋಡು ಇರುತ್ತದೆ. ತುದಿಯಲ್ಲಿ ಬೆಂಕಿ ತಾಗಿ ಲೋಹದ ಬಣ್ಣ ಕೆಟ್ಟಿರುತ್ತದೆ, ಎಷ್ಟು ತಿಕ್ಕಿದರೂ ಸಂದಿಯಲ್ಲಿ ಮಸಿ ಉಳಿದಿರುತ್ತದೆ. ಒಳಲೆಯ ಅಂಚು ದುಂಡಗೆ ನುಣುಪು, ಏಕೆಂದರೆ ಅದು ಹೋಗುವುದು ಹಲ್ಲು ಬಾರದ ಬಾಯಿಗೆ, ಒಸಡು ಗೀರಬಾರದು. ಇನ್ನು ದೀಪವನ್ನು ಹಚ್ಚಿಟ್ಟು ಹೋಗುತ್ತೇವೆ, ಅದು ತಾನಾಗಿ ನಿಲ್ಲಬೇಕು ಅಥವಾ ತೂಗಬೇಕು. ಒಳಲೆ ಕೈಯಿಂದ ಇಳಿಯುವುದೇ ಇಲ್ಲ, ಹಾಗಾಗಿ ಅಡಿ ಗುಂಡಗಿದ್ದು ನೆಲಕ್ಕಿಟ್ಟರೆ ಓಲಾಡಿದರೂ ನಡೆಯುತ್ತಿತ್ತು. ಒಳಗೆ ಎಣ್ಣೆಜಿಡ್ಡು ಕಂಡಿತೆಂದು ಮಾತ್ರ ದೀಪ ಎನ್ನಬೇಡಿ. ಹರಳೆಣ್ಣೆಯೂ ಎಣ್ಣೆಯೇ. ಒಳಲೆ ಎಂದು ಗೊತ್ತಾದ ಮೇಲೆ ಕಲಾಯಿ ಹೋದ ಹಿತ್ತಾಳೆಯನ್ನು ಮೊಮ್ಮಗುವಿನ ಬಾಯಿಗಿಡುವ ಉಮೇದೂ ಬೇಡ.

ಆಕಾರ ನೋಡಿ ಊಹಿಸಿದರೆ ದೀಪ, ಅಂಚು ಮತ್ತು ಅಡಿ ನೋಡಿದರೆ ಒಳಲೆ. ಹಳೇ ಸಾಮಾನಿನ ಊಹೆ ತಪ್ಪುವುದೆಲ್ಲ ಇಲ್ಲೇ. ಆಕಾರ ಎಷ್ಟೋ ಸಾಮಾನುಗಳಿಗೆ ಒಂದೇ ಇರುತ್ತದೆ. ಸವೆತ ಹಾಗಲ್ಲ. ಕೈ ಎಲ್ಲಿ ಹಿಡಿದಿತ್ತು, ಭಾರ ಎಲ್ಲಿ ಬಿದ್ದಿತ್ತು, ಬೆಂಕಿ ಎಲ್ಲಿ ತಾಗಿತ್ತು ಎಂಬ ಮೂರು ಕಡೆ ಕಂಡರೆ ಕೆಲಸ ಮುಕ್ಕಾಲು ಆದಂತೆ. ಕಳಿಸುವ ಫೋಟೊದಲ್ಲಿ ಈ ಮೂರೂ ಇರುವುದಿಲ್ಲ ಎಂಬುದೇ ತಕರಾರು.

ಮೊದಲ ತಪ್ಪು ತೊಳೆಯುವುದು. ಸಿಕ್ಕಿದ ಕೂಡಲೇ ಹುಣಸೆಹುಳಿ, ಬೂದಿ ಹಾಕಿ ತಳತಳ ಹೊಳೆಸಿ, ಆಮೇಲೆ ಫೋಟೊ ತೆಗೆಯುತ್ತಾರೆ. ಮಸಿ, ಸುಣ್ಣದ ಕಲೆ, ಕಾಚಿನ ಕೆಂಪು, ಹಿಟ್ಟಿನ ಕರಕಲು, ಎಲ್ಲವೂ ಬಚ್ಚಲ ನೀರಿನ ಜೊತೆ ಹೋಗಿರುತ್ತವೆ. ಒಣ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು. ಹಾಗೇ ಒಳಗಿನಿಂದ ಏನಾದರೂ ಉದುರಿದರೆ ಕಾಗದದ ಮೇಲೆ ಹಿಡಿದಿಟ್ಟುಕೊಳ್ಳಿ. ಎರಡು ರಾಗಿ ಕಾಳು ಎಷ್ಟೋ ಚರ್ಚೆಯನ್ನು ನಿಲ್ಲಿಸುತ್ತದೆ.

ಎರಡನೆಯದು ಅಳತೆ. ಖಾಲಿ ಗೋಡೆಯ ಮುಂದಿಟ್ಟು ತೆಗೆದ ಫೋಟೊದಲ್ಲಿ ಕುಟ್ಟಾಣಿಯೂ ಒಂದೇ, ಒರಳೂ ಒಂದೇ. ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಡಿ, ಅದರ ಅಡ್ಡಳತೆ 27 ಮಿಲಿಮೀಟರ್. ನಾಣ್ಯ ವಸ್ತುವಿನ ಮುಂದೆಯೂ ಅಲ್ಲ, ಹಿಂದೆಯೂ ಅಲ್ಲ, ಅದರ ಸಾಲಿನಲ್ಲೇ ಇರಬೇಕು. ದೊಡ್ಡ ಸಾಮಾನಿಗೆ ನಾಣ್ಯ ಕಾಣುವುದೇ ಇಲ್ಲ, ಟೇಪು ಬಿಚ್ಚಿಡಿ. ಫೋನನ್ನು ಸಾಮಾನಿಗೆ ತೀರಾ ಹತ್ತಿರ ಹಿಡಿಯಬಾರದು. ಫೋನಿನ ಲೆನ್ಸು ಅಗಲ ನೋಟದ್ದು, ಹತ್ತಿರದ ಭಾಗವನ್ನು ಊದಿಸಿ ತೋರಿಸುತ್ತದೆ; ನೆಟ್ಟಗಿರುವ ಕೊಳವೆ ಆಲಿಕೆಯಂತೆ ಕಾಣುತ್ತದೆ. ಒಂದು ಮೀಟರು ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿದರೆ ಆಕಾರ ಸರಿ ಬರುತ್ತದೆ. ಹಿತ್ತಾಳೆಯನ್ನು ಬಿಸಿಲಿಗಿಟ್ಟರೆ ಬರೀ ಹೊಳಪು ಬೀಳುತ್ತದೆ, ಜಗಲಿಯ ನೆರಳೇ ಒಳ್ಳೆಯದು. ಕೆತ್ತಿದ ಅಕ್ಷರ ಓದಬೇಕಾದರೆ ಮಾತ್ರ ಕತ್ತಲಲ್ಲಿಟ್ಟು ಟಾರ್ಚನ್ನು ಪಕ್ಕದಿಂದ, ಹೆಚ್ಚುಕಮ್ಮಿ ಮೇಲ್ಮೈಗೆ ಒರಗಿಸಿ ಹಿಡಿಯಿರಿ. ನೇರ ಬೆಳಕಿನಲ್ಲಿ ಇಲ್ಲವೇ ಇಲ್ಲ ಅನ್ನಿಸಿದ ಅಕ್ಷರ ನೆರಳು ಹೊತ್ತು ಎದ್ದು ಬರುತ್ತದೆ.

ಆಮೇಲೆ ತಳ. ತಳದ ಫೋಟೊ ಇಲ್ಲದೆ ಊಹೆಗೆ ಕೂರುವುದು ದಂಡ. ಅಲುಗಾಡುವ ಭಾಗ ಇದ್ದರೆ ಮುಚ್ಚಿದಾಗೊಂದು, ತೆರೆದಾಗೊಂದು ಫೋಟೊ. ತೂಕ ಬರೆಯಿರಿ, ಹಳೇ ಸ್ಪೀಕರಿನಿಂದ ಬಿಚ್ಚಿದ ಮ್ಯಾಗ್ನೆಟ್ ಹಿಡಿದು ನೋಡಿ. ಹಿತ್ತಾಳೆ, ತಾಮ್ರ, ಕಂಚು ಯಾವುದಕ್ಕೂ ಅದು ಅಂಟುವುದಿಲ್ಲ. ಅಂಟಿತೆಂದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ.

ಸವೆತವನ್ನು ಓದುವುದು ಹೇಗೆ ಎಂಬುದಕ್ಕೆ ಎಲೆಅಡಿಕೆಯ ಕುಟ್ಟಾಣಿಗಿಂತ ಒಳ್ಳೆಯ ಪಾಠ ಇಲ್ಲ. ಗೇಣುದ್ದವೂ ಇಲ್ಲದ ಕಬ್ಬಿಣದ ಅಥವಾ ಹಿತ್ತಾಳೆಯ ಕೊಳವೆ, ಒಳಗೊಂದು ಸರಳು. ಹಲ್ಲಿಲ್ಲದವರಿಗೆ ಎಲೆ, ಅಡಿಕೆ, ಸುಣ್ಣ ಕುಟ್ಟಿ ಕೊಡಲು. ಫೋಟೊ ನೋಡಿದವರು ಔಷಧಿ ಅರೆಯುವ ಕಲ್ಬತ್ತು ಅನ್ನುತ್ತಾರೆ. ಸರಳಿನ ತುದಿ ತೋರಿಸಿ ಅನ್ನಿ. ಔಷಧಿಯನ್ನು ಅರೆಯಬೇಕು, ಅದಕ್ಕೆ ಗುಂಡು ತಲೆ ಬೇಕು. ಅಡಿಕೆಯನ್ನು ಕತ್ತರಿಸಿ ಜಜ್ಜಬೇಕು, ಅದಕ್ಕೆ ಕುಟ್ಟಾಣಿಯ ಸರಳಿನ ತುದಿ ಉಳಿಯಂತೆ ಚಪ್ಪಟೆ. ಒಳಗೋಡೆಯಲ್ಲಿ ಕೆಂಪುಗಪ್ಪು ಕಲೆ, ತಳದ ಮೂಲೆಯಲ್ಲಿ ಗಟ್ಟಿಯಾದ ಬಿಳಿ ಸುಣ್ಣ ಇದ್ದರೆ ಅನುಮಾನವೇ ಬೇಡ.

ಈಳಿಗೆಮಣೆಯ ಅಲಗು ಹೊಟ್ಟೆಯ ಹತ್ತಿರ ತೆಳ್ಳಗಾಗಿರುತ್ತದೆ, ತುದಿ ಹಾಗೇ ಇರುತ್ತದೆ. ತರಕಾರಿ ಬೀಳುವುದೇ ಅಲ್ಲಿ. ತೆಂಗಿನಕಾಯಿ ತುರಿಯುವ ಹಲ್ಲಿನ ಬಿಲ್ಲೆ ಇದ್ದರೆ ಒಂದು ಪಕ್ಕದ ಹಲ್ಲು ಮೊಂಡಾಗಿರುತ್ತದೆ. ಬಲಗೈಯವರು ಬಳಸಿದ್ದೋ ಎಡಗೈಯವರು ಬಳಸಿದ್ದೋ ಎಂಬುದೂ ಅದರಲ್ಲೇ ತಿಳಿಯುತ್ತದೆ. ಒನಕೆಯ ನಡು ಗಾಜಿನಂತೆ ನುಣುಪು, ತುದಿಯ ಕಬ್ಬಿಣದ ಬಳೆ ಸವೆದಿರುತ್ತದೆ. ಹೊಸದಾಗಿ ಎರಕ ಹೊಯ್ದು ಆಸಿಡ್ ಬಳಿದು ಮಾರುವ "ಆಂಟಿಕ್" ಸಾಮಾನು ಸಿಕ್ಕಿಬೀಳುವುದೂ ಇಲ್ಲೇ. ಅದು ಎಲ್ಲ ಕಡೆ ಸಮನಾಗಿ ಹಳತಾಗಿರುತ್ತದೆ, ಕೈ ತಾಗದ ಸಂದಿಯೂ ಸವೆದಂತೆ ಕಾಣುತ್ತದೆ. ನಿಜವಾಗಿ ದುಡಿದ ಸಾಮಾನು ಹಾಗೆ ಹಳತಾಗುವುದಿಲ್ಲ, ಒಂದು ಕಡೆ ತೀರಾ ಸವೆದು ಇನ್ನೊಂದು ಕಡೆ ಒರಟಾಗೇ ಉಳಿದಿರುತ್ತದೆ.

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯಿಂದ ಬರುವ ಫೋಟೊಗಳದ್ದು ಬೇರೆಯೇ ತರಹ. ಅಲ್ಲಿ ರೈತರ ಮನೆಯ ಸಾಮಾನಿನ ಜೊತೆ ಕಾಫಿ ತೋಟದ ಬಿಳಿ ದೊರೆಗಳ ಬಂಗಲೆಯ ಸಾಮಾನೂ ಬೆರೆತಿದೆ. ತಾಮ್ರದ ತಗಡು, ಮೈತುಂಬ ಗುಳ್ಳೆಗುಳ್ಳೆ. ಕ್ಯಾರೆಟ್ ತುರಿಯುವ ಹಲಗೆ ಎಂದು ಊಹೆ ಬರುತ್ತದೆ. ಬೆರಳಾಡಿಸಿ ನೋಡಿ. ತುರಿಯುವುದಾದರೆ ಪ್ರತಿ ಗುಳ್ಳೆಯೂ ತೂತಾಗಿ ಅಂಚು ಚುಚ್ಚಬೇಕು. ಇದರಲ್ಲಿ ಗುಳ್ಳೆ ಒಡೆದಿಲ್ಲ, ಚುಚ್ಚುವುದೂ ಇಲ್ಲ. ಇದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ, ಅಂದರೆ ಪಲ್ಪರಿನ, ಡಿಸ್ಕಿಗೆ ಹೊದಿಸುವ ತಗಡು. ಹಣ್ಣನ್ನು ಒತ್ತಿ ಉಜ್ಜಿ ಸಿಪ್ಪೆ ಜಾರಿಸಬೇಕು, ಬೀಜವನ್ನು ಕುಯ್ಯಬಾರದು. ಗುಳ್ಳೆ ಮೊಂಡಾಗಿರುವುದು ಅದಕ್ಕೇ. ತಗಡಿನ ಎದುರಿನ ಕಬ್ಬಿಣದ ಪಟ್ಟಿಗೂ ಡಿಸ್ಕಿಗೂ ನಡುವಿನ ಸಂದಿಯಲ್ಲೇ ಇಡೀ ಕಸುಬು ಇರುವುದು. ಸಂದಿ ಬಿಗಿಯಾದರೆ ಬೀಜ ಕತ್ತರಿಸಿ ಹೋಗುತ್ತದೆ, ಸಡಿಲವಾದರೆ ಹಣ್ಣು ಇಡಿಯಾಗಿ ಸಿಪ್ಪೆಯ ಜೊತೆ ಹೊರಬೀಳುತ್ತದೆ. ಹಣ್ಣಿನ ಗಾತ್ರ ಕೊಯ್ಲಿನಿಂದ ಕೊಯ್ಲಿಗೆ ಬೇರೆಯಾಗುವುದರಿಂದ ಮತ್ತೆ ಮತ್ತೆ ತಿರುಪು ತಿದ್ದುತ್ತಿರಬೇಕು. ಹಾಗೆ ತಿದ್ದಿದ ತಿರುಪಿನ ತಲೆ ಮಿಕ್ಕ ತಿರುಪುಗಳಿಗಿಂತ ಬೇಗ ಉರುಟಾಗಿರುತ್ತದೆ. ಎರಕದ ಚೌಕಟ್ಟಿನ ಮೇಲೆ ಲಂಡನ್ನಿನ ಜಾನ್ ಗಾರ್ಡನ್, ಅಬರ್ಡೀನಿನ ಮೆಕಿನನ್ ಎಂಬ ಹೆಸರು ಕಂಡರೆ ಪಲ್ಪರೋ ಮತ್ಯಾವುದೋ ಕಾಫಿ ಯಂತ್ರವೋ ಎಂದು ಹುಡುಕಲು ಶುರುಮಾಡಬಹುದು.

ಕಬ್ಬಿಣದ ತಗಡಿನ ಉರುಳೆ, ನಡುವೆ ಹಾಯ್ದ ಸರಳು, ಒಂದು ತುದಿಗೆ ಹಿಡಿ, ಮೈಯಲ್ಲಿ ಜಾರುವ ಪುಟ್ಟ ಬಾಗಿಲು. ಲಾಟರಿ ಚೀಟಿ ತಿರುಗಿಸುವ ಡ್ರಮ್ಮು ಎಂದು ತಮಾಷೆಗೆ ಹೇಳುವವರಿದ್ದಾರೆ, ನಿಜವಾಗಿ ನಂಬಿದವರೂ ಇದ್ದಾರೆ. ಹೊರಮೈ ಬೆಂಕಿಗೆ ನೀಲಿಗಪ್ಪಾಗಿದೆಯಾ, ಒಳಮೈಯಲ್ಲಿ ವಾರ್ನಿಷ್ ಬಳಿದಂತೆ ಕಂದು ಜಿಡ್ಡು ಇದೆಯಾ ನೋಡಿ. ಇದ್ದರೆ ಕಾಫಿ ಹುರಿಯುವ ಡ್ರಮ್ಮು. ಅರ್ಧದಿಂದ ಮೂರನೇ ಎರಡು ಪಾಲು ಮಾತ್ರ ಬೀಜ ತುಂಬಿಸಿ ಇದ್ದಿಲ ಒಲೆಯ ಮೇಲೆ ತಿರುಗಿಸುತ್ತಿದ್ದರು, ಬೀಜ ಹುರಿದಂತೆ ಉಬ್ಬುತ್ತದೆ. ತುಂಬ ತುಂಬಿದರೆ ನಡುವಿನದು ಹಸಿ, ಕೈ ನಿಲ್ಲಿಸಿದರೆ ಒಂದು ಪಕ್ಕ ಸೀದು ಹೋಗುತ್ತದೆ. ಚಟಪಟ ಸದ್ದು ನಿಂತು ಬಣ್ಣ ಬಂದ ಕೂಡಲೇ ಮೊರಕ್ಕೆ ಸುರಿದು ಹರಡಬೇಕು, ಇಲ್ಲದಿದ್ದರೆ ತನ್ನ ಬಿಸಿಗೇ ಇನ್ನೂ ಹುರಿದುಕೊಳ್ಳುತ್ತದೆ. ಡ್ರಮ್ಮಿನ ಪಕ್ಕದಲ್ಲೇ ಸಿಕ್ಕ ಅಗಲ ಮೊರ ಅಕ್ಕಿಗೆ ಮಾತ್ರ ಬಳಸಿದ್ದಲ್ಲ ಎಂದು ಅದರ ಮೇಲಿನ ಸುಟ್ಟ ಚುಕ್ಕೆಗಳೇ ಹೇಳುತ್ತವೆ.

ಮೇಜಿನ ಅಂಚಿಗೆ ತಿರುಪಿನಿಂದ ಬಿಗಿಯುವ, ಕೈಯಲ್ಲಿ ತಿರುಗಿಸುವ ಎರಕದ ಯಂತ್ರ ಕಂಡರೆ ಮಲೆನಾಡಿನಲ್ಲಿ ಎಲ್ಲರೂ ಕಾಫಿ ಬೀಸುವ ಮಿಷನ್ ಅನ್ನುತ್ತಾರೆ. ಅದರಲ್ಲಿ ಮೂರು ಜಾತಿ ಇದೆ, ಮೂರನ್ನೂ ಬೇರೆ ಮಾಡಲು ಎರಡು ನಿಮಿಷ ಸಾಕು. ಮೇಲೆ ಬೀಜ ಸುರಿಯುವ ಬಟ್ಟಲು, ಒಳಗೆ ಹಲ್ಲಿನ ಎರಡು ಬಿಲ್ಲೆ, ನುಣ್ಣಗೆ-ದಪ್ಪ ಹೊಂದಿಸುವ ತಿರುಪು ಇದ್ದರೆ ಕಾಫಿ ಮಿಷನ್. ಒಳಗೆ ಸುರುಳಿ, ಮುಂದೆ ತೂತಿನ ಬಿಲ್ಲೆ, ಅದನ್ನು ಹಿಡಿದಿಡುವ ದೊಡ್ಡ ಬಳೆ ಇದ್ದರೆ ಮಾಂಸ ಕೊಚ್ಚುವುದು. ಸ್ಪಾಂಗ್ ಎಂಬ ಹೆಸರಿದೆ ಎಂದು ಕಾಫಿಯದೇ ಅಂತ ತೀರ್ಮಾನಿಸಬೇಡಿ, ಲಂಡನ್ನಿನ ಆ ಕಂಪನಿ ಎರಡನ್ನೂ ಮಾಡುತ್ತಿತ್ತು. ಸುರಿಯುವ ಬಟ್ಟಲೂ ಇಲ್ಲ, ಹೊರಬೀಳುವ ಬಾಯಿಯೂ ಇಲ್ಲ, ಹಿಡಿ ತಿರುಗಿಸಿದರೆ ಎರಡು ಸೆಂಟಿಮೀಟರ್ ಅಗಲದ ಉಕ್ಕಿನ ಪುಟ್ಟ ಟೋಪಿ ಮಾತ್ರ ಗಿರಗಿರ ತಿರುಗುತ್ತದೆ, ಎದುರಿಗೊಂದು ಒತ್ತುವ ಸನ್ನೆ ಇದೆ ಎಂದಾದರೆ ಮಾತು ಬೇರೆ. ಅದು ಕೋವಿಯ ತೋಟಾದ ಬಾಯಿ ಮಡಚುವ ಸಾಧನ. ಕಾಗದದ ಖಾಲಿ ತೋಟಾಕ್ಕೆ ಮದ್ದು, ಅದರ ಮೇಲೆ ಬೆಣೆ, ಆಮೇಲೆ ಚರೆ, ಮೇಲೊಂದು ರಟ್ಟಿನ ಬಿಲ್ಲೆ ಹಾಕಿ ಬಾಯಿಯನ್ನು ಒಳಕ್ಕೆ ಸುರುಳಿ ಮಡಚುತ್ತಿದ್ದರು. ಟೋಪಿಯ ಮೇಲೋ ಚೌಕಟ್ಟಿನ ಮೇಲೋ 12, 16, 20 ಎಂಬ ಅಂಕಿ ಇದ್ದರೆ ಅದು ಕೋವಿಯ ಬೋರ್, ಅಂದರೆ ನಳಿಗೆಯ ಅಳತೆ. ಷೆಫೀಲ್ಡಿನ ಡಿಕ್ಸನ್, ಹಾಕ್ಸ್‌ಲೀ ಕಂಪನಿಗಳು ಇಂಥವನ್ನು ಮಾಡುತ್ತಿದ್ದವು. ಜೊತೆಗೆ ಮರದ ಹಿಡಿಯ ಹಿತ್ತಾಳೆ ಚಮಚವೊಂದು ಸಿಗುವುದುಂಟು, ಒಳಗೆ ಮೇಲೆ ಕೆಳಗೆ ಜಾರುವ ಅಳತೆ. ಒಂದು ಕಡೆ ಡ್ರಾಮ್, ಇನ್ನೊಂದು ಕಡೆ ಔನ್ಸ್ ಗುರುತು. ಡ್ರಾಮ್ ಮದ್ದಿಗೆ, ಔನ್ಸ್ ಚರೆಗೆ. ಕಾಫಿಪುಡಿ ಅಳೆಯುವ ಚಮಚ ಎಂದು ಅಡುಗೆಮನೆಯಲ್ಲಿ ಇಟ್ಟುಕೊಂಡವರು ಇನ್ನು ತೆಗೆದಿಡುವುದು ಒಳ್ಳೆಯದು, ಸೀಸದ ಚರೆ ಅಳೆದ ಪಾತ್ರೆ ಅದು. ಅದೇ ಪೆಟ್ಟಿಗೆಯಲ್ಲಿ ತುಂಬಿದ ತೋಟಾ ಸಿಕ್ಕರೆ ಕುಲುಕುವುದು, ಬಿಚ್ಚುವುದು, ಬಿಸಿಲಿಗಿಡುವುದು ಯಾವುದೂ ಬೇಡ. ಪರವಾನಗಿ ಇಲ್ಲದೆ ಇಟ್ಟುಕೊಳ್ಳಲು 1959ರ ಆಯುಧ ಕಾಯ್ದೆ ಬಿಡುವುದಿಲ್ಲ, ಠಾಣೆಗೆ ತಿಳಿಸಿ.

ಗದ್ದೆಯ ಸಾಮಾನಿನದು ಇನ್ನೊಂದು ಗೋಳು. ಅವು ಹೋಮ್‌ಸ್ಟೇ ಗೋಡೆಗಳಲ್ಲಿ ತಲೆಕೆಳಗಾಗಿ ನೇತಾಡುತ್ತವೆ. ಗೊರಬನ್ನು ಅಂಗಾತ ಇಟ್ಟರೆ ದೋಣಿಯಂತೆ, ತೊಟ್ಟಿಲಂತೆ ಕಾಣುತ್ತದೆ. ಬೋರಲು ಹಾಕಿ, ನಾಟಿ ಮಾಡುವವರು ಬಗ್ಗಿದ ಭಂಗಿ ನೆನೆಸಿಕೊಳ್ಳಿ: ತಲೆಯಿಂದ ಸೊಂಟದವರೆಗೆ ಮಳೆ ತಡೆಯುವ ಚಿಪ್ಪು ಅದು, ಬಿದಿರಿನ ಎರಡು ಹೆಣಿಗೆಯ ನಡುವೆ ಎಲೆ. ಎರಡೂ ಕೈ ಸಸಿಗೆ ಬಿಡುವಾಗಿರಬೇಕು, ಹಾಗಾಗಿ ಹಿಡಿಯೇ ಇಲ್ಲ. ಕೂಣಿಯನ್ನಂತೂ ಬಲ್ಬು ಹಾಕಿ ಲ್ಯಾಂಪ್‌ಶೇಡ್ ಮಾಡಿಬಿಟ್ಟಿದ್ದಾರೆ. ಅಗಲ ಬಾಯಿ, ಚೂಪು ಬಾಲ, ಬಾಯಿಯೊಳಗೆ ಒಳಮುಖವಾಗಿ ಚಾಚಿದ ಬಿದಿರ ಕಡ್ಡಿಗಳ ಇನ್ನೊಂದು ಆಲಿಕೆ. ಆ ಒಳಗಿನ ಕಡ್ಡಿ ಇದ್ದರೆ ಅದು ಮೀನು ಹಿಡಿಯುವ ಬಲೆಯೇ: ಮೀನು ಒಳಕ್ಕೆ ನುಗ್ಗುತ್ತದೆ, ಹೊರಬರಲು ಹೋದರೆ ಕಡ್ಡಿ ಚುಚ್ಚುತ್ತದೆ. ಮೊದಲ ಮಳೆಗೆ ನೀರಿಗೆದುರಾಗಿ ಹತ್ತುವ ಮೀನಿಗೆ ಬಾಯನ್ನು ಕೆಳಮುಖ ಇಡಬೇಕು, ನೀರು ಇಳಿಯುವಾಗ ಜೊತೆಗೇ ಇಳಿಯುವ ಮೀನಿಗೆ ಮೇಲ್ಮುಖ. ದಿಕ್ಕು ತಪ್ಪಿದರೆ ಬೆಳಗ್ಗೆ ಬರೀ ಕಸ. ಒಳಗಿನ ಕಡ್ಡಿ ಉದುರಿಹೋದ ಹಳೇ ಕೂಣಿಯನ್ನು ಗುರುತಿಸಲು ಬಾಲದ ತುದಿ ನೋಡಿ, ಮೀನು ಸುರಿಯಲು ಅಲ್ಲಿ ಬಿಚ್ಚಿ ಕಟ್ಟಿದ ಗುರುತು ಇರುತ್ತದೆ. ಎರಡು ದಾರ ಇಳಿಬಿದ್ದ ಪುಟ್ಟ ಬುಟ್ಟಿ ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಬಯಲುಸೀಮೆಯ ಕಡೆಯಿಂದ, ಅರಸೀಕೆರೆ, ಚನ್ನರಾಯಪಟ್ಟಣದಿಂದ, ಮರದ ಬಟ್ಟಲಿನ ಫೋಟೊ ಬರುತ್ತದೆ. ತಳದಲ್ಲಿ ಸುತ್ತಲೂ ತೂತು. ಜರಡಿ, ಅನ್ನ ಬಸಿಯುವುದು, ಧೂಪದ ಪಾತ್ರೆ ಎಂದೆಲ್ಲ ಹೇಳುತ್ತಾರೆ. ತೂತಿನೊಳಗೆ ಕಡ್ಡಿ ತೂರಿಸಿ ನೋಡಿ. ಜರಡಿಯ ತೂತು ನೆಟ್ಟಗೆ ಕೆಳಕ್ಕಿರುತ್ತದೆ. ಇದರಲ್ಲಿ ಒಂದೊಂದೂ ಹೊರಮುಖವಾಗಿ ಓರೆ. ಸಾಲು ಬಿತ್ತುವ ಕೂರಿಗೆಯ ಬೀಜದ ಬಟ್ಟಲು ಇದು, ಓರೆ ತೂತಿಗೆ ಬಿದಿರಿನ ಕೊಳವೆ ಸಿಕ್ಕಿಸಿ ನೆಲ ಸೀಳುವ ಒಂದೊಂದು ತಾಳಿಗೆ ಇಳಿಬಿಡುತ್ತಿದ್ದರು. ತಾಳು ಎಷ್ಟೋ ತೂತು ಅಷ್ಟು. ಬಿತ್ತುವಾಗ ಒಂದು ಕೊಳವೆಯ ಬಾಯಿಗೆ ಹಸಿ ಮಣ್ಣು ಮೆತ್ತಿಕೊಂಡರೂ ಗೊತ್ತಾಗುವುದಿಲ್ಲ, ಮೊಳಕೆ ಬಂದಾಗ ಹೊಲದುದ್ದಕ್ಕೂ ಒಂದು ಸಾಲು ಬೋಳು. ಬಟ್ಟಲಿಗೆ ರಾಗಿ ಬಿಡುವವರ ಕಣ್ಣು ಕೊಳವೆಯ ತುದಿಯ ಮೇಲೇ ಇರಬೇಕಾಗಿದ್ದದ್ದು ಅದಕ್ಕೆ.

ಅದೇ ಕಡೆಯ ಇನ್ನೊಂದು ಫೋಟೊ, ಅಂಗಳದಲ್ಲಿ ಮನುಷ್ಯ ಇಳಿಯುವಷ್ಟು ಕಿಂಡಿ, ಮೇಲೊಂದು ಚಪ್ಪಡಿ. ಹಳೇ ಬಾವಿ, ಸುರಂಗ, ನಿಧಿ ಎಂದು ಕಥೆ ಹಬ್ಬುತ್ತದೆ. ಅದು ರಾಗಿಯ ಹಗೇವು, ಕಾಳು ಕೂಡಿಡುವ ನೆಲದೊಳಗಿನ ಗುಂಡಿ. ಬಾಯಿ ಕಿರಿದು, ಒಳಗೆ ಹೂಜಿಯಂತೆ ಅಗಲ. ಬಾವಿಯಾದರೆ ಹಗ್ಗ ಉಜ್ಜಿದ ಗೆರೆ ಬಾಯಿಕಲ್ಲಿನಲ್ಲಿ ಇರಬೇಕು, ಇದರಲ್ಲಿ ಇರುವುದಿಲ್ಲ. ಫೋಟೊ ತೆಗೆಯುವ ಹುರುಪಿನಲ್ಲಿ ಯಾರೂ ಒಳಗೆ ಇಳಿಯಬಾರದು. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಗಾಳಿ ಕೆಟ್ಟಿರುತ್ತದೆ, ಇಂಗಾಲದ ಡೈಆಕ್ಸೈಡ್ ಭಾರವಾದ್ದರಿಂದ ತಳದಲ್ಲೇ ಕೂತಿರುತ್ತದೆ. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಬಿಟ್ಟು ಅದು ಆರದಿದ್ದರೆ ಮಾತ್ರ ಹಿಂದಿನವರು ಇಳಿಯುತ್ತಿದ್ದರು. ಫೋನನ್ನು ಕೋಲಿಗೆ ಕಟ್ಟಿ ಇಳಿಬಿಟ್ಟರೆ ಫೋಟೊ ಬಂದೇ ಬರುತ್ತದೆ.

ಬಾವಿಯ ಮಾತು ಬಂತು, ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯನ್ನು ಬಿಡುವ ಹಾಗಿಲ್ಲ. ಮೇಲೊಂದು ಬಳೆ, ಅದಕ್ಕೆ ಕಬ್ಬಿಣದ ಕೊಂಡಿಗಳು, ಕೊಂಡಿಗಳಲ್ಲಿ ಗೊಂಚಲು ಗೊಂಚಲಾಗಿ ಮೇಲ್ಮುಖದ ಕೊಕ್ಕೆ. ಕಟುಕರ ಅಂಗಡಿಯದು, ದೀಪದ ಗೊಂಚಲು, ದೋಣಿಯ ಲಂಗರು, ಮಾಟದ್ದು ಎಂಬ ಊಹೆಯೂ ಬರುತ್ತದೆ. ಮಾಂಸ ನೇತುಹಾಕುವ ಕೊಕ್ಕೆಯ ತುದಿ ಚುಚ್ಚಲೆಂದೇ ಚೂಪು. ಪಾತಾಳಗರಡಿಯ ಕೊಕ್ಕೆ ಮೊಂಡು, ಅದು ಚುಚ್ಚುವುದಿಲ್ಲ, ಕೊಡಪಾನದ ಕಂಠಕ್ಕೋ ಬಕೆಟ್ಟಿನ ಹಿಡಿಗೋ ಸಿಕ್ಕಿಕೊಳ್ಳುತ್ತದೆ. ಕೊಕ್ಕೆಗಳು ಸಡಿಲವಾಗಿ ಅಲುಗಾಡಬೇಕು, ತಳ ಮುಟ್ಟಿದಾಗ ಸುತ್ತಲೂ ಹರಡಿಕೊಳ್ಳಲಿ ಎಂದು. ಬಳಸುವ ಕ್ರಮವೂ ಇದೆ. ಹಗ್ಗಕ್ಕೆ ಕಟ್ಟಿ ತಳ ಮುಟ್ಟುವ ತನಕ ಬಿಡಬೇಕು, ಒಂದು ಗೇಣು ಮೇಲೆತ್ತಿ ಬಾವಿಯ ಗೋಡೆಗುಂಟ ನಿಧಾನ ಸುತ್ತಬೇಕು. ಕೈಗೆ ಭಾರ ತಾಗಿದ ಕೂಡಲೇ ಜಗ್ಗಿದರೆ ಜಾರಿ ಬೀಳುತ್ತದೆ. ಹಗ್ಗ ಬಿಗಿಯಾಗುವ ತನಕ ಮೆತ್ತಗೆ ಎತ್ತಿ, ಆಮೇಲೆ ಒಂದೇ ಸಮ ಎಳೆಯಬೇಕು. ಕೆಳಗಿನ ಕಲ್ಲಿನ ಸಂದಿಗೆ ಸಿಕ್ಕಿತೋ, ಜಗ್ಗಾಡಿದಷ್ಟೂ ಬಿಗಿಯುತ್ತದೆ. ಹಗ್ಗ ಸಡಿಲ ಬಿಟ್ಟು ಎದುರು ದಂಡೆಗೆ ಹೋಗಿ ಎಳೆದರೆ ಬಿಡುತ್ತದೆ. ಊರಿಗೆ ಒಂದೋ ಎರಡೋ ಇರುತ್ತಿದ್ದವು, ಮನೆಯಿಂದ ಮನೆಗೆ ಹೋಗುತ್ತಿದ್ದವು. ಈಗ ಸಿಕ್ಕ ಗರಡಿಯಲ್ಲಿ ಒಂದೆರಡು ಕೊಕ್ಕೆ ನೆಟ್ಟಗಾಗಿ ಹೋಗಿದ್ದರೆ ಅದು ಕಲ್ಲಿಗೆ ಸಿಕ್ಕಿ ಎಳೆಸಿಕೊಂಡದ್ದು.

ಅಕ್ಷರ, ಮುದ್ರೆ ಇರುವ ಸಾಮಾನು ಸುಲಭ ಎಂದುಕೊಳ್ಳುತ್ತಾರೆ, ಆದರೆ ಮುದ್ರೆಯೂ ದಾರಿ ತಪ್ಪಿಸುತ್ತದೆ. ಸೇರಿನ ಮೇಲೆ ಗಂಡಭೇರುಂಡ ಇದೆ, ಹಾಗಾಗಿ ಅರಸರ ಕಾಲದ್ದು ಎಂದು ಹೇಳುವವರು ಇಂದಿನ ಕರ್ನಾಟಕ ಸರ್ಕಾರದ ಲಾಂಛನವನ್ನೂ ಒಮ್ಮೆ ನೋಡಬೇಕು, ಅದರಲ್ಲೂ ಗಂಡಭೇರುಂಡವೇ. ಅಳತೆ ಯಾವುದರಲ್ಲಿದೆ ನೋಡಿ. ತೂಕ ಮತ್ತು ಅಳತೆಯ ಮೆಟ್ರಿಕ್ ಕಾಯ್ದೆ ಬಂದದ್ದು 1956ರಲ್ಲಿ, ಲೀಟರು ಕಿಲೋ ಎಂದು ಕೆತ್ತಿದ್ದರೆ ಅದು ಅದಕ್ಕಿಂತ ಹಳತಾಗಿರುವ ಸಂಭವ ಕಡಿಮೆ. ಹಳೇ ಅಳತೆಯ ಪಾತ್ರೆಗಳು ಮೂರು ನಾಲ್ಕು ಸಿಕ್ಕರೆ ಒಂದರಿಂದ ಒಂದಕ್ಕೆ ಅಕ್ಕಿ ಸುರಿದು ಎಣಿಸಿ: ನಾಲ್ಕು ಪಾವಿಗೆ ಒಂದು ಸೇರು, ಎರಡು ಪಾವಿಗೆ ಅಚ್ಚೇರು. ಲೆಕ್ಕ ಕೂಡಿದರೆ ಅಳತೆಯ ಸೆಟ್ಟು, ಕೂಡದಿದ್ದರೆ ಬರೀ ಲೋಟಗಳು. ತೂಕದ ಬಟ್ಟಿನ ತಳದಲ್ಲಿ ಸೀಸ ತುಂಬಿದ ಗುಳಿ ಕಂಡರೆ ಬಿರುಕು ಮುಚ್ಚಿದ್ದಾರೆ ಎನ್ನಬೇಡಿ. ತೂಕ ಸರಿಹೊಂದಿಸುವುದೂ ಅಲ್ಲೇ, ಇಲಾಖೆಯವರು ಮುದ್ರೆ ಒತ್ತುವುದೂ ಅಲ್ಲೇ.

"ಮೇಡ್ ಇನ್ ಜರ್ಮನಿ" ಎಂದು ಬರೆಯುವ ರೂಢಿ ಬ್ರಿಟನ್ನಿನ 1887ರ ಕಾಯ್ದೆಯ ಕಾರಣಕ್ಕೆ ಶುರುವಾದದ್ದು. ವೆಸ್ಟ್ ಜರ್ಮನಿ ಎಂದಿದ್ದರೆ 1949ರಿಂದ 1990ರ ಒಳಗಿನದು. ಇಂಗ್ಲಿಷ್ ಸಾಮಾನಿನ ಮೇಲೆ ಆರ್.ಡಿ. ನಂಬರ್ (ನೋಂದಾಯಿತ ವಿನ್ಯಾಸದ ಸಂಖ್ಯೆ) ಎಂದು ಬರೀ ಅಂಕಿ ಇದ್ದರೆ 1884ರ ನಂತರದ ವಿನ್ಯಾಸ. ಪ್ಲಸ್ ತಲೆಯ ಸ್ಕ್ರೂ 1930ರ ದಶಕಕ್ಕಿಂತ ಹಿಂದೆ ಚಾಲ್ತಿಯಲ್ಲಿರಲಿಲ್ಲ, ಆದರೆ ಸ್ಕ್ರೂ ಹೊಸದಾದ ಮಾತ್ರಕ್ಕೆ ಸಾಮಾನೂ ಹೊಸದಲ್ಲ. ರಿಪೇರಿ ಮಾಡಿದವರು ಯಾರೋ ಹಾಕಿರಬಹುದು. ಒಂದೇ ಒಂದು ಸ್ಕ್ರೂ ಬೇರೆ ಜಾತಿಯದ್ದಾಗಿದ್ದರೆ ಅದು ಖಂಡಿತ ರಿಪೇರಿ.

ಫೋಟೊವನ್ನು ಬಿಗಿಯಾಗಿ ಕತ್ತರಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಹೊಯ್ಸಳ ಶಿಲ್ಪಗಳೇ ಉದಾಹರಣೆ. ಕೆಲವು ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆ ಎಂದು 1989ರಲ್ಲಿ ಅಮೆರಿಕದ ಸಂಶೋಧಕರು ವಾದಿಸಿದರು. ಕೈಯನ್ನಷ್ಟೇ ನೋಡಿದರೆ ಹೌದೆನ್ನಿಸುತ್ತದೆ, ಕಾಳಿನ ಸಾಲು ಎದ್ದು ಕಾಣುತ್ತದೆ. ಆದರೆ ಆ ಬೆಳೆ ಅಮೆರಿಕ ಖಂಡದ್ದು, ಕೊಲಂಬಸ್ ಅಲ್ಲಿಗೆ ಹೋದದ್ದು 1492ರಲ್ಲಿ, ಬೇಲೂರಿನ ಗುಡಿ 1117ರದ್ದು. ಇಡೀ ಮೂರ್ತಿಯನ್ನು ನೋಡಿ, ಅದೇ ಕೈಯಲ್ಲಿ ಬೇರೆ ಗುಡಿಗಳ ಮೂರ್ತಿಗಳು ಏನು ಹಿಡಿದಿವೆ ಎಂದು ಹೋಲಿಸಿದವರು ಮಾದಲದ ಹಣ್ಣು, ಮುತ್ತು ಪೋಣಿಸಿದಂಥ ಮುಕ್ತಾಫಲ ಎನ್ನುತ್ತಾರೆ. ಅವರ ಮಾತೇ ಸರಿ ಕಾಣುತ್ತದೆ. ಅಟ್ಟದ ಸಾಮಾನಿಗೂ ಅಷ್ಟೇ. ಅದು ಸಿಕ್ಕ ಜಾಗ, ಪಕ್ಕದಲ್ಲಿದ್ದದ್ದು, ಎಲ್ಲವೂ ಬರುವ ಒಂದು ಫೋಟೊ ಎತ್ತಿಕೊಳ್ಳುವ ಮುಂಚೆಯೇ ತೆಗೆದಿಟ್ಟಿರಿ. ಮರದ ಪುಟ್ಟ ಟೋಪಿ, ಒಳಗೆ ಮೋಟು ಗೂಟ. ಒಂಟಿಯಾಗಿ ನೋಡಿದರೆ ಜನ್ಮದಲ್ಲಿ ಹೊಳೆಯದು. ಪಕ್ಕದಲ್ಲಿ ಕತ್ತು ಹಿಸುಕಿದಂಥ ಹಸಿರು ಸೀಸೆ ಇತ್ತೆಂದರೆ ಗೋಲಿ ಸೋಡಾ ಒತ್ತಿ ತೆಗೆಯುವುದು ಎಂದು ಮಗುವೂ ಹೇಳುತ್ತದೆ.

ಕೊನೆಗೆ ಹಿರಿಯರನ್ನು ಕೇಳಬೇಕು, ಕೇಳುವ ರೀತಿ ಮಾತ್ರ ಮುಖ್ಯ. ಫೋನಿನ ಪರದೆ ಮುಖಕ್ಕೆ ಹಿಡಿದು "ಇದೇನಜ್ಜಿ?" ಅಂದರೆ "ಕಣ್ಣು ಕಾಣಲ್ಲ ಕಣಪ್ಪ" ಎಂದು ಸುಮ್ಮನಾಗುತ್ತಾರೆ. ಹೆಸರೂ ಊರಿಂದೂರಿಗೆ ಬೇರೆ. ಮೆಟ್ಟುಗತ್ತಿ ಎಂದರೆ ಕೊಪ್ಪ, ಶೃಂಗೇರಿಯಲ್ಲಿ ಅಡಿಕೆ ಸುಲಿಯುವುದು, ಘಟ್ಟ ಇಳಿದರೆ ತರಕಾರಿ ಹೆಚ್ಚುವುದು. ಹೆಸರು ಕೇಳುವ ಬದಲು ಸಾಮಾನನ್ನೇ ಕೈಗೆ ಕೊಡಿ, ಇದನ್ನು ಎಲ್ಲಿಡುತ್ತಿದ್ದಿರಿ ಎಂದು ಕೇಳಿ, ಕೈ ನೋಡುತ್ತಿರಿ. ಎರಡು ಕವಲಿನ ಮರದ ಕೋಲು, ಮಕ್ಕಳ ಚಾಟರಬಿಲ್ಲಿಗೆ ದೊಡ್ಡದು, ಊರುಗೋಲಿಗೆ ಚಿಕ್ಕದು, ಕವಲಿನ ಒಳಮೈಯಲ್ಲಿ ಮಾತ್ರ ಮಸಿ. ಹಾಸನದ ಬಯಲು ಕಡೆಯ ಯಾವ ಅಜ್ಜಿಯ ಕೈಗೆ ಕೊಟ್ಟರೂ ಕವಲನ್ನು ಇಲ್ಲದ ಪಾತ್ರೆಯ ಕಂಠಕ್ಕೆ ಆನಿಸಿ, ಇನ್ನೊಂದು ಕೈಯನ್ನು ಗಾಳಿಯಲ್ಲಿ ತಿರುವಲು ಶುರುಮಾಡುತ್ತಾರೆ. ಹಿಟ್ಟು ತಿರುವುವಾಗ ಪಾತ್ರೆ ಸುತ್ತದಂತೆ ಹಿಡಿಯುವ ಕವೆಗೋಲು. ತಿರುವುತ್ತಾ ಕೈ ನಿಲ್ಲಿಸಿ ಅವರೇ ಕೇಳುತ್ತಾರೆ: "ಮುದ್ದೆ ಕೋಲು ಎಲ್ಲೋ?"